ತಲಿ ಮ್ಯಾಲ ಬಿಸಿನೀರು ಬಿದ್ದಾಗ ಬರೋ ಫಿಟ್ಸ್: ಸಾಯಗಾಂವದ ಬಚ್ಚಲಿನಿಂದ ಬೆಂಗಳೂರಿನ ಲ್ಯಾಬಿನವರೆಗೆ

ಇದು ಈ ವಾರದ ಸಂಚಿಕೆಯ ಪಠ್ಯರೂಪ. ಬಸ್ಸಿನಲ್ಲಿ ಇಯರ್‌ಫೋನ್ ಮರೆತು ಕೂತವರು ಓದಿಕೊಳ್ಳಬಹುದು.

ಇವತ್ತಿನ ವಿಷಯ ಶುರುವಾಗೋದು ನಮ್ಮೂರಿನ ಒಂದು ಬಚ್ಚಲಿನಲ್ಲಿ. ನಮ್ಮೂರು ಸಾಯಗಾಂವ, ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕು. ಮಹಾರಾಷ್ಟ್ರದ ಗಡಿ ಹತ್ತಿರ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಬಸ್ ಸ್ಟ್ಯಾಂಡಿನಲ್ಲಿ ಎರಡೂ.

ದೀಪಾವಳಿಯ ನರಕ ಚತುರ್ದಶಿ. ಇನ್ನೂ ಬೆಳಕು ಹರಿದಿರಲಿಲ್ಲ. ತೊಗರಿ ಕಟ್ಟಿಗೆ ಒಟ್ಟಿ ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿದ್ದರು. ಕಾಕಾನ ಮಗ, ನನಗಿಂತ ಐದು ವರ್ಷ ದೊಡ್ಡವನು, ಎಣ್ಣೆ ಹಚ್ಚಿಕೊಂಡು ಜಳಕಕ್ಕೆ ಕೂತಿದ್ದ. ಕಾಕು ಚರಗಿಯಿಂದ ತಲೆ ಮೇಲೆ ನೀರು ಸುರೀತಾ ಇದ್ದಳು. ನಾನು ನನ್ನ ಪಾಳಿಗೆ ಕಾಯ್ತಾ ಬಾಗಿಲಲ್ಲಿ ನಿಂತಿದ್ದೆ. ನಾಲ್ಕೈದು ಚರಗಿ ಆಗಿರಬೇಕು. ಅಣ್ಣ ಮಾತು ನಿಲ್ಲಿಸಿದ. ಕಣ್ಣು ಒಂದೇ ಕಡೆ ನೆಟ್ಟವು. ತುಟಿ ಏನನ್ನೋ ಚಪ್ಪರಿಸಿದ ಹಾಗೆ ಆಡ್ತಾ ಇತ್ತು. ಆಮೇಲೆ ಕೈಕಾಲು ಸೆಟೆದು ಕಲ್ಲಿನ ಮೇಲೆ ಬಿದ್ದ.

"ಗಾಳಿ ಬಡದದ, ಚಪ್ಪಲ್ ತರ್ರಿ" ಅಂತ ಯಾರೋ ಕೂಗಿದರು. ಇನ್ಯಾರೋ ಕೈಯಲ್ಲಿ ಕಬ್ಬಿಣದ ಕೀಲಿಕೈ ಇಟ್ಟರು. ಎರಡು ನಿಮಿಷದಲ್ಲಿ ಸೆಳವು ತಾನಾಗಿ ನಿಂತಿತು. ಎಲ್ಲರಿಗೂ ಚಪ್ಪಲಿ, ಕೀಲಿಕೈಯಿಂದಲೇ ನಿಂತಿತು ಅನ್ನಿಸಿತು. ಅವತ್ತು ಮಧ್ಯಾಹ್ನ ಕಾಕಾ ನಮ್ಮನ್ನೆಲ್ಲ ಕೂಡಿಸಿ ಒಂದೇ ಮಾತು ಹೇಳಿದ: "ಈ ಮಾತು ಹೊರಗ ಹೋಗಬಾರ್ದು."

ಹೊರಗೆ ಹೋಗಲಿಲ್ಲ. ಅದರಿಂದಾಗಿಯೇ ಅಣ್ಣನಿಗೆ ಸರಿಯಾದ ಔಷಧಿ ಸಿಗೋಕೆ ಆರು ವರ್ಷ ಹಿಡಿಯಿತು. ಇದನ್ನು ಹೇಳೋಕೆ ಅವನೇ ಒಪ್ಪಿದ್ದಾನೆ, ಹೆಸರು ಮಾತ್ರ ಬೇಡ ಅಂದಿದ್ದಾನೆ.

ಇದಕ್ಕೆ ಒಂದು ಹೆಸರಿದೆ

ಮೊದಲು ಫಿಟ್ಸ್ ಅಂದರೇನು ನೋಡೋಣ. ನಾವು ಮೂರ್ಛಿ ಅಂತೀವಿ, ಕೆಲವರು ಮಿರ್ಗಿ ಅಂತಾರೆ, ಪುಸ್ತಕದಲ್ಲಿ ಅಪಸ್ಮಾರ ಅಂತ ಬರೀತಾರೆ. ನಮ್ಮ ಮೆದುಳಿನಲ್ಲಿರೋ ಕೋಟಿಗಟ್ಟಲೆ ನರಕೋಶಗಳು ಸಣ್ಣ ಸಣ್ಣ ವಿದ್ಯುತ್ ಸಂಕೇತಗಳಲ್ಲಿ ಮಾತಾಡಿಕೊಳ್ಳುತ್ತವೆ. ಭಾಲ್ಕಿ ಸಂತೆಯನ್ನು ನೆನಪಿಸಿಕೊಳ್ಳಿ. ಒಬ್ಬರು ದರ ಕೂಗ್ತಾರೆ, ಒಬ್ಬರು ಚೌಕಾಸಿ ಮಾಡ್ತಾರೆ. ಗದ್ದಲ ಇದ್ದರೂ ವ್ಯಾಪಾರ ನಡೆಯುತ್ತೆ. ಅದೇ ಸಂತೆಯಲ್ಲಿ ಎಲ್ಲರೂ ಒಂದೇ ಸಲ ಒಂದೇ ಶಬ್ದ ಕೂಗೋಕೆ ಶುರು ಮಾಡಿದರೆ? ಯಾರ ಮಾತೂ ಯಾರಿಗೂ ಕೇಳಲ್ಲ, ವ್ಯಾಪಾರ ನಿಂತುಹೋಗುತ್ತೆ. ಮೆದುಳಿನ ಒಂದು ಭಾಗದಲ್ಲಿ ಹೀಗಾದರೆ ಕಣ್ಣು ನೆಟ್ಟುಹೋಗೋದು, ತುಟಿ ಚಪ್ಪರಿಸೋದು. ಅದು ಇಡೀ ಮೆದುಳಿಗೆ ಹಬ್ಬಿದರೆ ಕೈಕಾಲು ಸೆಳೆಯೋದು. ಅಣ್ಣನಿಗೆ ಅವತ್ತು ಎರಡೂ ಆಗಿದ್ದವು, ಒಂದರ ಹಿಂದೆ ಒಂದು.

ಬಹಳ ಜನರಿಗೆ ಫಿಟ್ಸ್ ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ. ಕೆಲವರಿಗೆ ಮಾತ್ರ ಒಂದು ನಿರ್ದಿಷ್ಟ ಪ್ರಚೋದನೆ ಬೇಕು. ಮಿನುಗುವ ಬೆಳಕು ಒಂದು ಉದಾಹರಣೆ. ಇಂಥದ್ದನ್ನು ರಿಫ್ಲೆಕ್ಸ್ ಎಪಿಲೆಪ್ಸಿ ಅಂತಾರೆ. ಅದರಲ್ಲೇ ಒಂದು ಬಗೆ ಹಾಟ್ ವಾಟರ್ ಎಪಿಲೆಪ್ಸಿ, ಅಂದರೆ ಬಿಸಿನೀರಿನ ಅಪಸ್ಮಾರ. ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿ ಇರೋ ನೀರನ್ನು ಚೊಂಬು ಚೊಂಬಾಗಿ ತಲೆ ಮೇಲೆ ಬೇಗ ಬೇಗ ಸುರಿದುಕೊಂಡಾಗ ಇದು ಬರುತ್ತೆ. ಅದೇ ನೀರು ಮೈಮೇಲೆ ಬಿದ್ದರೆ ಬಹುತೇಕರಿಗೆ ಏನೂ ಆಗಲ್ಲ.

ಇದನ್ನು ವೈದ್ಯಕೀಯ ಜಗತ್ತಿಗೆ ಮೊದಲು ವರದಿ ಮಾಡಿದ್ದು 1945ರಲ್ಲಿ, ನ್ಯೂಜಿಲೆಂಡಿನಲ್ಲಿ, ಒಬ್ಬ ಹುಡುಗನ ವಿಷಯದಲ್ಲಿ. ಆಮೇಲೆ ಜಪಾನ್, ಟರ್ಕಿ ಮುಂತಾದ ಕಡೆಯಿಂದಲೂ ವರದಿ ಬಂದವು. ಆದರೆ ದೊಡ್ಡ ಸಂಖ್ಯೆಯಲ್ಲಿ ಕಂಡುಬಂದದ್ದು ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಕರ್ನಾಟಕದಲ್ಲಿ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಜೊತೆಗಾರರು 1968ರಲ್ಲೇ ಇದರ ಬಗ್ಗೆ ಬರೆದರು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ತಂಡ 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿತು. ಚಾಮರಾಜನಗರ ಜಿಲ್ಲೆಯ ಯಳಂದೂರು ಭಾಗದಲ್ಲಿ ಮನೆ ಮನೆಗೆ ಹೋಗಿ ಸಮೀಕ್ಷೆ ಮಾಡಿದಾಗ, ಅಲ್ಲಿ ಅಪಸ್ಮಾರ ಇದ್ದ ನೂರು ಜನರಲ್ಲಿ ಸುಮಾರು 7 ಜನರದ್ದು ಬಿಸಿನೀರಿನ ಅಪಸ್ಮಾರ ಆಗಿತ್ತು.

ಅಂದರೆ ನಮ್ಮ ಮನೆಯಲ್ಲಿ "ಯಾರಿಗೂ ಇಲ್ಲದ್ದು ನಮಗ್ಯಾಕ ಬಂತು" ಅಂತ ಕಾಕು ಅಳ್ತಾ ಇದ್ದಾಗ, ಅದೇ ರಾಜ್ಯದ ಆಸ್ಪತ್ರೆಯೊಂದರ ಕಡತದಲ್ಲಿ ನೂರಾರು ಕಾಕುಗಳ ಅದೇ ಕಥೆ ಇತ್ತು.

ಇಲಿಗಳು ಹೇಳಿದ್ದೇನು?

ಸರಿ, ನೀರಿಗೂ ಮೆದುಳಿಗೂ ಏನು ಸಂಬಂಧ? ಇದನ್ನು ಮನುಷ್ಯರ ಮೇಲೆ ಪರೀಕ್ಷೆ ಮಾಡೋಕಾಗಲ್ಲ. ಹಾಗಾಗಿ 1990ರ ದಶಕದಲ್ಲಿ ನಿಮ್ಹಾನ್ಸ್‌ನ ಸಂಶೋಧಕರು ಇಲಿಗಳಲ್ಲಿ ಇದರ ಮಾದರಿ ತಯಾರು ಮಾಡಿದರು. ಇಲಿಗಳ ತಲೆ ಮೇಲೆ ಬಿಟ್ಟು ಬಿಟ್ಟು ಬಿಸಿನೀರು ಹಾಯಿಸಿ, ದೇಹದ ಉಷ್ಣತೆಯನ್ನೂ ಮೆದುಳಿನ ವಿದ್ಯುತ್ ಅಲೆಗಳನ್ನೂ ಅಳೆದರು.

ಎರಡು ಸಂಗತಿ ಗೊತ್ತಾದವು. ಒಂದು, ಬಿಸಿನೀರಿನಿಂದ ಇಲಿಗಳಿಗೂ ಸೆಳವು ಬಂತು. ಎರಡನೆಯದು ಇನ್ನೂ ಮುಖ್ಯ. ಇದನ್ನೇ ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಮಾಡಿದಾಗ, ಮೊದಲಿಗಿಂತ ಕಡಿಮೆ ಉಷ್ಣತೆಯಲ್ಲೇ ಸೆಳವು ಬರತೊಡಗಿತು. ಬೇಗ ಬರತೊಡಗಿತು, ಹೆಚ್ಚು ಹೊತ್ತು ಇರತೊಡಗಿತು. ಹಸಿ ಕಟ್ಟಿಗೆ ಮೊದಲ ಸಲ ಹೊತ್ತೋದು ಕಷ್ಟ. ಒಮ್ಮೆ ಹೊತ್ತಿ ಆರಿದ ಕೊಳ್ಳಿಗೆ ಒಂದು ಕಿಡಿ ಸಾಕು. ಮೆದುಳಿನಲ್ಲಿ ಆಗೋ ಈ ಬದಲಾವಣೆಗೆ ವಿಜ್ಞಾನಿಗಳು ಕಿಂಡ್ಲಿಂಗ್ ಅಂತಾರೆ.

ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲಿ ಹಾಗೇ ಆಗುತ್ತೆ ಅನ್ನೋಕಾಗಲ್ಲ. ಆದರೆ ಆಸ್ಪತ್ರೆಯಲ್ಲಿ ಕಂಡದ್ದಕ್ಕೆ ಇದು ಹೊಂದಿಕೊಳ್ಳುತ್ತೆ. ಬಿಸಿನೀರಿನ ಅಪಸ್ಮಾರ ಇದ್ದವರಲ್ಲಿ ಸುಮಾರು ಕಾಲು ಭಾಗದಷ್ಟು ಜನರಿಗೆ ವರ್ಷಗಳು ಕಳೆದ ಮೇಲೆ ನೀರಿನ ಹಂಗಿಲ್ಲದೆಯೂ ಫಿಟ್ಸ್ ಬರೋಕೆ ಶುರುವಾಗುತ್ತೆ. ಮನೆಯಲ್ಲಿ ಮುಚ್ಚಿಟ್ಟುಕೊಂಡು "ವಯಸ್ಸಾದರೆ ಹೋಗ್ತದ" ಅಂತ ಕಾಯೋದು ಯಾಕೆ ಸರಿಯಲ್ಲ ಅನ್ನೋದಕ್ಕೆ ಇಷ್ಟು ಸಾಕು. ಅಣ್ಣನಿಗೂ ಹೀಗೇ ಆಯ್ತು. ನಾಲ್ಕನೇ ವರ್ಷ ಒಂದು ಸಲ ಹೊಲದಲ್ಲಿ ಸೋಯಾ ಕೊಯ್ಯುವಾಗ ಬಿದ್ದ. ಅಲ್ಲಿ ಹಂಡೆಯೂ ಇರಲಿಲ್ಲ, ಬಿಸಿನೀರೂ ಇರಲಿಲ್ಲ.

ಜೀನ್‌ಗಳ ಹುಡುಕಾಟ

ಇಡೀ ಊರು ಬಿಸಿನೀರಲ್ಲೇ ಜಳಕ ಮಾಡುತ್ತೆ. ಎಲ್ಲರಿಗೂ ಯಾಕೆ ಬರಲ್ಲ? ಉತ್ತರದ ಒಂದು ತುಂಡು ವಂಶವಾಹಿಗಳಲ್ಲಿದೆ. ಈ ಕಾಯಿಲೆ ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಕಾಣಿಸುತ್ತೆ. ಅಂಥ ಕುಟುಂಬಗಳ ರಕ್ತದ ಮಾದರಿ ತೆಗೆದುಕೊಂಡು, ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ಪ್ರಯೋಗಾಲಯ ನಿಮ್ಹಾನ್ಸ್ ವೈದ್ಯರ ಜೊತೆ ಕೆಲಸ ಮಾಡಿತು. 2009ರಲ್ಲಿ ಅವರು 10ನೇ ಮತ್ತು 4ನೇ ವರ್ಣತಂತುಗಳಲ್ಲಿ ಈ ಕಾಯಿಲೆಗೆ ಸಂಬಂಧಪಟ್ಟ ಜಾಗಗಳನ್ನು ಗುರುತಿಸಿದರು. 2017ರಲ್ಲಿ ಎಸ್‌ಎಲ್‌ಸಿ1ಎ1 ಅನ್ನೋ ಜೀನ್‌ನಲ್ಲಿ ಕೆಲವು ಅಪರೂಪದ ಬದಲಾವಣೆಗಳನ್ನು ವರದಿ ಮಾಡಿದರು.

ಹೆಸರು ಕೇಳಿ ಹೆದರಬೇಡಿ, ಕೆಲಸ ಸರಳ. ಗ್ಲುಟಮೇಟ್ ಅನ್ನೋ ರಾಸಾಯನಿಕ ಒಂದು ನರಕೋಶದಿಂದ ಹೊರಬಂದು ಇನ್ನೊಂದನ್ನು ಎಬ್ಬಿಸುತ್ತೆ. ಎಬ್ಬಿಸಿದ ಮೇಲೆ ಅದನ್ನು ಅಲ್ಲಿಂದ ತೆಗೆಯಬೇಕು. ಇಲ್ಲದಿದ್ದರೆ ಎಬ್ಬಿಸ್ತಾನೇ ಇರುತ್ತೆ. ಹೀಗೆ ಗ್ಲುಟಮೇಟನ್ನು ಜೀವಕೋಶದ ಒಳಗೆ ಎಳೆದುಕೊಳ್ಳೋ ಒಂದು ಪ್ರೋಟೀನನ್ನು ಈ ಜೀನ್ ತಯಾರಿಸುತ್ತೆ. ಅದರಲ್ಲಿ ಲೋಪ ಇದ್ದರೆ ನರಕೋಶಗಳು ಬೇಗ ಕೆರಳಬಹುದು ಅನ್ನೋದು ಇಲ್ಲಿನ ತರ್ಕ. ಇದು ಎಲ್ಲ ರೋಗಿಗಳ ವಿಷಯದಲ್ಲೂ ನಿಜ ಅಂತಲ್ಲ, ಕೆಲವರಲ್ಲಿ ಮಾತ್ರ ಕಂಡದ್ದು. ಒಂದೇ ಕಾಯಿಲೆಗೆ ಹಲವು ಜೀನ್‌ಗಳ ದಾರಿ ಇರಬಹುದು. ಅದರ ಮೇಲೆ ನೀರಿನ ಬಿಸಿ, ತಲೆಯ ಚರ್ಮಕ್ಕೆ ತಾಗೋ ಸ್ಪರ್ಶ, ಸುರಿಯೋ ವೇಗ ಎಲ್ಲ ಕೂಡಿಕೊಳ್ಳುತ್ತವೆ.

ಯಾರೂ ಕೇಳದ ಪ್ರಶ್ನೆ

ಈಗ ಅಣ್ಣನ ಕಥೆಗೆ ವಾಪಸ್ ಬರೋಣ. ಹೊಲದಲ್ಲಿ ಬಿದ್ದ ಮೇಲೆ ಕಾಕಾ ಅವನನ್ನು ಒಂದು ದವಾಖಾನೆಗೆ ಕರೆದುಕೊಂಡು ಹೋದ. ಅಲ್ಲಿ ತಲೆಗೆ ವೈರ್ ಹಚ್ಚಿ ಇಇಜಿ ಮಾಡಿದರು. ನಾರ್ಮಲ್ ಬಂತು. "ಏನೂ ಇಲ್ಲ" ಅಂತ ಕಳಿಸಿಬಿಟ್ಟರು. ಊರಲ್ಲಿ ಕೆಲವರು "ನಾಟಕ ಮಾಡ್ತಾನ" ಅಂದರು. ನೆನಪಿಡಿ: ಬಿಸಿನೀರಿನ ಅಪಸ್ಮಾರದಲ್ಲಿ ಫಿಟ್ಸ್ ಇಲ್ಲದ ಹೊತ್ತಿನಲ್ಲಿ ತೆಗೆದ ಇಇಜಿ ಬಹುತೇಕರಿಗೆ ನಾರ್ಮಲ್ ಆಗೇ ಇರುತ್ತೆ. ಈ ಕಾಯಿಲೆ ಸಿಕ್ಕಿಬೀಳೋದು ಮುಖ್ಯವಾಗಿ ರೋಗಿ ಮತ್ತು ನೋಡಿದವರು ಹೇಳೋ ಮಾತಿನಿಂದ.

ಮತ್ತೆ ಎರಡು ವರ್ಷ ಆದಮೇಲೆ ಬೇರೆ ಊರಿನ ಒಬ್ಬ ನರರೋಗ ತಜ್ಞರ ಹತ್ತಿರ ಹೋದೆವು. ಜೊತೆಗೆ ನಾನೂ ಇದ್ದೆ. ಅವರು ಫೈಲ್ ಪಕ್ಕಕ್ಕಿಟ್ಟು ಕೇಳಿದರು: "ಮೊದಲನೇ ಸಲ ಬಂದಾಗ ಏನ್ ಮಾಡ್ಲತ್ತಿದ್ದೆಪ್ಪಾ? ಜಳಕ ಮಾಡ್ಲತ್ತಿದ್ದೇನು? ನೀರ್ ಎಷ್ಟ್ ಬಿಸಿ ಇತ್ತು? ಎಷ್ಟ್ ಚರಗಿ ಆದ ಮ್ಯಾಲ?"

ಕಾಕಾ ಸುಮ್ಮನೆ ಕೂತ. ಜಳಕದ ಮಾತು ಹಿಂದೆ ಯಾವ ಡಾಕ್ಟರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದ್ದನ್ನು ಹೇಳಿದೆ. ತುಟಿ ಚಪ್ಪರಿಸಿದ್ದು, ಕಣ್ಣು ನೆಟ್ಟಿದ್ದು, ನಾಲ್ಕೈದು ಚರಗಿ. ಡಾಕ್ಟರು ತಲೆ ಆಡಿಸಿ ಅಣ್ಣನಿಗೆ ಇನ್ನೊಂದು ಪ್ರಶ್ನೆ ಕೇಳಿದರು: "ನೀರ್ ಬೀಳೋವಾಗ ಛಲೋ ಅನಸ್ತದೇನು? ಇನ್ನೂ ಹಾಕ್ಕೋಬೇಕು ಅನಸ್ತದೇನು?"

ಅಣ್ಣ ಅತ್ತುಬಿಟ್ಟ. ಹೌದಂತೆ. ಒಂದು ಥರ ಹಿತ ಅನ್ನಿಸಿ, ಬೇಡ ಅಂದರೂ ಕೈ ತಾನಾಗಿ ಇನ್ನೊಂದು ಚರಗಿ ತುಂಬುತ್ತಿತ್ತಂತೆ. ತಪ್ಪೆಲ್ಲ ನನ್ನದೇ, ನಾನೇ ಕಾಯಿಲೆ ಕರ್ಕೊಂತೀನಿ ಅಂತ ಆರು ವರ್ಷ ಒಳಗೇ ಇಟ್ಟುಕೊಂಡಿದ್ದ. ಡಾಕ್ಟರು ಹೇಳಿದ್ದು ಇಷ್ಟೇ: ಇದು ಈ ಕಾಯಿಲೆಯ ಗೊತ್ತಿರೋ ಲಕ್ಷಣ, ಕೆಲವು ರೋಗಿಗಳು ಹೀಗೇ ಹೇಳ್ತಾರೆ, ಪುಸ್ತಕದಲ್ಲೇ ಬರೆದಿದೆ. ಅವತ್ತು ಸಂಶೋಧನೆ ಅನ್ನೋ ಪದಕ್ಕೆ ನನಗೆ ಮೊದಲ ಸಲ ಅರ್ಥ ಗೊತ್ತಾಯ್ತು. ಯಾರೋ ಕೆಲವರು ಎಂದೋ ನಾಚಿಕೆ ಬಿಟ್ಟು ಡಾಕ್ಟರಿಗೆ ನಿಜ ಹೇಳಿದ್ದರು. ಡಾಕ್ಟರು ಅದನ್ನು ನಗದೆ ಬರೆದುಕೊಂಡಿದ್ದರು. ಅದು ನಮ್ಮ ಅಣ್ಣನವರೆಗೆ ಬಂದು ಮುಟ್ಟಿತು.

ಔಷಧಿ ಇದೆ, ದುಬಾರಿಯೂ ಅಲ್ಲ

ಚಿಕಿತ್ಸೆಯ ಮೊದಲ ಹೆಜ್ಜೆಗೆ ಖರ್ಚೇ ಇಲ್ಲ. ನೀರಿನ ಬಿಸಿ ಕಡಿಮೆ ಮಾಡೋದು. ಉಗುರುಬೆಚ್ಚಗಿನ ನೀರು, ನಿಧಾನಕ್ಕೆ, ಬಿಟ್ಟು ಬಿಟ್ಟು. ಜಳಕದಲ್ಲಿ ಮಾತ್ರ ಫಿಟ್ಸ್ ಬರೋರಿಗೆ, ತಲೆಗೆ ನೀರು ಹಾಕಿಕೊಳ್ಳೋ ದಿನ ಒಂದೆರಡು ಗಂಟೆ ಮೊದಲು ಕ್ಲೋಬಜಾಮ್ ಅನ್ನೋ ಮಾತ್ರೆ ಕೊಡೋ ವಿಧಾನವನ್ನು ನಿಮ್ಹಾನ್ಸ್ ವೈದ್ಯರು ಬಳಸಿ, ಅದರಿಂದ ಒಳ್ಳೆಯ ಫಲ ಸಿಕ್ಕಿದ್ದನ್ನು ವರದಿ ಮಾಡಿದ್ದಾರೆ. ದಿನಾ ಮಾತ್ರೆ ಬೇಕಿಲ್ಲ, ತಲೆಸ್ನಾನದ ದಿನ ಮಾತ್ರ. ನೀರಿಲ್ಲದೆಯೂ ಫಿಟ್ಸ್ ಬರ್ತಾ ಇದ್ದರೆ ದಿನನಿತ್ಯದ ಔಷಧಿ ಬೇಕಾಗುತ್ತೆ. ಯಾರಿಗೆ ಯಾವುದು, ಎಷ್ಟು ಅನ್ನೋದನ್ನು ಡಾಕ್ಟರೇ ಹೇಳಬೇಕು. ಈ ಸಂಚಿಕೆ ಕೇಳಿ ಮೆಡಿಕಲ್ ಶಾಪಿಗೆ ಹೋಗಬೇಡಿ. ಹಾಗೇ, ಆರಾಮ ಆಯ್ತು ಅಂತ ನಡೆಯುತ್ತಿರೋ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ದಿಢೀರ್ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ವಾಪಸ್ ಬರಬಹುದು.

ಹಳ್ಳಿಯಲ್ಲಿ ಇದೆಲ್ಲ ಆಗುತ್ತಾ ಅಂತ ಕೇಳಬಹುದು. ಅದಕ್ಕೂ ನಮ್ಮ ರಾಜ್ಯದಲ್ಲೇ ಉತ್ತರ ಇದೆ. ಅದೇ ಯಳಂದೂರಿನಲ್ಲಿ ಡಾ. ಮಣಿ ಮತ್ತು ತಂಡ ಫಿನೋಬಾರ್ಬಿಟೋನ್, ಫೆನಿಟೋಯಿನ್ ಅನ್ನೋ ಹಳೆಯ, ಅಗ್ಗದ ಮಾತ್ರೆಗಳನ್ನೇ ಕೊಟ್ಟು ವರ್ಷಗಟ್ಟಲೆ ರೋಗಿಗಳನ್ನು ಗಮನಿಸಿತು. ಹಳ್ಳಿಯ ಮಟ್ಟದಲ್ಲೂ ಅಪಸ್ಮಾರವನ್ನು ಹತೋಟಿಗೆ ತರಬಹುದು ಅನ್ನೋ ಅದರ ಫಲಿತಾಂಶ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರ ಇದೆ. ಸರಿಯಾಗಿ ಗುರುತಿಸಿ ಔಷಧಿ ಕೊಟ್ಟರೆ ಅವರಲ್ಲಿ ಶೇ 70ರಷ್ಟು ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಬೀದರಿನಿಂದ ನಿಮ್ಹಾನ್ಸ್ ಸುಮಾರು 700 ಕಿಲೋಮೀಟರ್. ಪ್ರತಿ ಸಲ ಅಲ್ಲಿಗೆ ಹೋಗಬೇಕಿಲ್ಲ. ಮೊದಲು ಭಾಲ್ಕಿಯ ತಾಲ್ಲೂಕು ಆಸ್ಪತ್ರೆ ಅಥವಾ ಬೀದರಿನ ಬ್ರಿಮ್ಸ್‌ಗೆ ಹೋಗಿ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ಬೆಂಗಳೂರಿನ ಜಯನಗರ, ಕೋಲಾರ, ಚಿಕ್ಕಬಳ್ಳಾಪುರದ ಆಸ್ಪತ್ರೆಗಳಲ್ಲಿ ಶುರು ಮಾಡಿ, ಆಮೇಲೆ ಬೇರೆ ಜಿಲ್ಲೆಗಳ ಕಡೆಗೂ ವಿಸ್ತರಿಸಿತು. ಜಿಲ್ಲಾ ಆಸ್ಪತ್ರೆಗೆ ಹೋದಾಗ "ಮೆದುಳು ಆರೋಗ್ಯ ಕ್ಲಿನಿಕ್ ಎಲ್ಲಿದೆ" ಅಂತ ಕೇಳಿ.

ನಿಮ್ಮ ಕೈಯಲ್ಲಿರೋ ಫೋನು

ಯಾರಿಗಾದರೂ ಎದುರಿಗೆ ಫಿಟ್ಸ್ ಬಂದರೆ ಏನು ಮಾಡಬೇಕು? ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ.

ಮೊದಲು ಅಪಾಯದಿಂದ ದೂರ ಸರಿಸಿ. ಬಚ್ಚಲಲ್ಲಿದ್ದರೆ ಹಂಡೆ, ಒಲೆ, ಬಿಸಿನೀರಿನಿಂದ ಆಚೆ. ತಲೆ ಕೆಳಗೆ ಟವೆಲ್ಲೋ ಅಂಗಿಯೋ ಇಡಿ. ಒಂದು ಮಗ್ಗುಲಿಗೆ ಹೊರಳಿಸಿ, ಬಾಯಲ್ಲಿನ ಜೊಲ್ಲು ಹೊರಗೆ ಹರಿಯಲಿ. ಕೈಕಾಲು ಒತ್ತಿ ಹಿಡಿಯಬೇಡಿ. ಬಾಯೊಳಗೆ ಚಮಚ, ನೀರು, ಬೆರಳು ಏನೂ ಹಾಕಬೇಡಿ. ಚಪ್ಪಲಿ, ಉಳ್ಳಾಗಡ್ಡಿ, ಕೀಲಿಕೈ ಯಾವುದರಿಂದಲೂ ಫಿಟ್ಸ್ ನಿಲ್ಲಲ್ಲ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾವಾಗಿ ನಿಲ್ಲುತ್ತವೆ, ಹೆಸರು ಮಾತ್ರ ಚಪ್ಪಲಿಗೆ ಬರುತ್ತೆ. ಫೋನಿನಲ್ಲಿ ಟೈಮ್ ನೋಡಿ. 5 ನಿಮಿಷ ದಾಟಿದರೆ, ಎಚ್ಚರ ಆಗದೆ ಮತ್ತೊಂದು ಬಂದರೆ, ಇಲ್ಲವೇ ತಲೆಗೆ ಪೆಟ್ಟಾಗಿದ್ದರೆ 108ಕ್ಕೆ ಕರೆ ಮಾಡಿ.

ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಅವರು ಒಂದು ವಿಡಿಯೊ ಮಾಡಲಿ. ಮೈಮೇಲೆ ಟವೆಲ್ ಹೊದಿಸಿ, ಮುಖ ಮತ್ತು ಕೈಕಾಲು ಕಾಣೋ ಹಾಗೆ. ಅದು ಸ್ಟೇಟಸ್‌ಗೆ, ಗ್ರೂಪಿಗೆ ಹಾಕೋಕಲ್ಲ, ಡಾಕ್ಟರಿಗೆ ತೋರಿಸೋಕೆ ಮಾತ್ರ. ನಾನು ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೋಡಿದ್ದನ್ನು ಆರು ವರ್ಷ ಆದಮೇಲೆ ಹೇಳಿದೆ. ನಿಮ್ಮ ಹತ್ತಿರ ಇರೋ ಫೋನು ಅದನ್ನು ಮರುದಿನವೇ ತೋರಿಸಬಲ್ಲದು.

ಫಿಟ್ಸ್ ಇರೋರು ಬಚ್ಚಲಿನ ಚಿಲಕ ಹಾಕಿಕೊಳ್ಳಬೇಡಿ. ಒಬ್ಬರೇ ಬಾವಿಗೆ, ಕೆರೆಗೆ ಈಜಲು ಇಳಿಯಬೇಡಿ.

"ಮದುವಿ ಆಗಲ್ಲ" ಅನ್ನೋ ಭಯ

ಕಾಕಾ ಯಾಕೆ ಬಾಯಿ ಕಟ್ಟಿದ ಅಂತ ಈಗ ನನಗೆ ಗೊತ್ತು. ಮಗನ ಮದುವೆ ಒಂದೇ ಅವನ ಚಿಂತೆ ಆಗಿರಲಿಲ್ಲ. ಮಗಳೂ ಇದ್ದಳು. "ಆ ಮನ್ಯಾಗ ಮಿರ್ಗಿ ಅದ" ಅಂತ ಒಂದು ಮಾತು ಉದಗೀರದವರೆಗೆ ಹೋದರೆ ಯಾರು ಹೆಣ್ಣು ಕೇಳ್ತಾರೆ? ಈ ಭಯ ಒಂದು ಕಾಲಕ್ಕೆ ಕಾನೂನಿನಲ್ಲೂ ಇತ್ತು. ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಗಳಲ್ಲಿ ಅಪಸ್ಮಾರವನ್ನು ಮದುವೆಗೆ ಅಡ್ಡಿ ಅಂತಲೇ ಬರೆದಿದ್ದರು. 1999ರ ತಿದ್ದುಪಡಿಯಲ್ಲಿ ಆ ಪದವನ್ನು ತೆಗೆದುಹಾಕಿದರು. ಕಾನೂನು ಬಿಟ್ಟದ್ದನ್ನು ನಾವು ಇನ್ನೂ ಹಿಡಿದುಕೊಂಡು ಕೂತಿದ್ದೀವಿ.

ಅಣ್ಣ ಈಗ ಔಷಧಿ ಮೇಲಿದ್ದಾನೆ. ಮೂರು ವರ್ಷದಿಂದ ಫಿಟ್ಸ್ ಇಲ್ಲ. ಮದುವೆ ಮಾತುಕತೆ ಬಂದಾಗ ಕಾಕಾ ಮತ್ತೆ "ಹೇಳೋದು ಬ್ಯಾಡ" ಅಂದ. ಈ ಸಲ ಅಣ್ಣ ಕೇಳಲಿಲ್ಲ. ಹುಡುಗಿಗೆ ತಾನೇ ಹೇಳಿದ, ಮಾತ್ರೆಯ ಹೆಸರನ್ನೂ ಹೇಳಿದ. ಒಂದು ಸಂಬಂಧ ಮುರಿಯಿತು. ಎರಡನೆಯದು ನಿಂತಿತು.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಬೆಳಿಗ್ಗೆ ವೈನಿ ಹಂಡೆಯಿಂದ ನೀರು ತೋಡಿ, ಬಕೆಟ್ಟಿನಲ್ಲಿ ತಣ್ಣೀರು ಬೆರೆಸಿ, ಮೊಳಕೈ ಅದ್ದಿ ನೋಡಿ ಕೂಗಿದಳು: "ಬೆಚ್ಚಗ ಅದ, ಬರ್ರಿ." ಅಣ್ಣ ಹೋದ. ಬಾಗಿಲು ಅರ್ಧ ತೆರೆದೇ ಇತ್ತು.

ನಿಮ್ಮ ಮನೆಯಲ್ಲೂ ಇಂಥ ಮುಚ್ಚಿಟ್ಟ ಮಾತು ಇದ್ದರೆ, ಊರಿಗೆಲ್ಲ ಹೇಳಬೇಕಿಲ್ಲ. ಒಬ್ಬ ಡಾಕ್ಟರಿಗೆ ಹೇಳಿ. ಪೂರ್ತಿ ಹೇಳಿ, ಎಷ್ಟು ಚರಗಿ ಅನ್ನೋದರ ತನಕ.